ಕಲಬುರಗಿಗೆ ಹೋದ ಪುನರ್ಪುಳಿ

ಸರ್ಕಾರಿ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಯಾರ್ಯಾರು ಇರುತ್ತಾರೆ ಎಂದು ಒಮ್ಮೆ ನೋಡಿ. ಪಿಸಿಎಂಗೆ, ಅಂದರೆ ಗಣಿತ–ಭೌತಶಾಸ್ತ್ರಕ್ಕೆ, ಒಬ್ಬರು. ಸಿಬಿಜೆಡ್‌ಗೆ ಒಬ್ಬರು. ಸಮಾಜ ವಿಜ್ಞಾನಕ್ಕೆ ಒಬ್ಬರು, ಕನ್ನಡ, ಇಂಗ್ಲಿಷ್, ಹಿಂದಿಗೆ ಒಬ್ಬೊಬ್ಬರು, ಆಮೇಲೆ ಪಿಟಿ ಮಾಸ್ಟ್ರು. ಮಕ್ಕಳು ಜಾಸ್ತಿ ಇರುವ ಶಾಲೆಯಾದರೆ ಇನ್ನೊಬ್ಬಿಬ್ಬರು ಸಿಗಬಹುದು. ಉಡುಪಿ ಜಿಲ್ಲೆಯ ಹಳ್ಳಿ ಕಡೆಯ ಶಾಲೆಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಜನ.

ನಾನು ಸಿಬಿಜೆಡ್ ಟೀಚರ್. ಜೀವಶಾಸ್ತ್ರ, ರಸಾಯನಶಾಸ್ತ್ರ ನನ್ನ ಪಾಲಿನದು. ಜೊತೆಯವರೆಲ್ಲ ಒಳ್ಳೆಯವರು. ಮಧ್ಯಾಹ್ನ ಒಟ್ಟಿಗೆ ಊಟ ಮಾಡುತ್ತೇವೆ, ಒಬ್ಬರ ಮನೆಯ ಕಷ್ಟಕ್ಕೆ ಇನ್ನೊಬ್ಬರು ಆಗುತ್ತೇವೆ. ಆದರೆ ಹತ್ತನೇ ತರಗತಿಯಿಂದ ಹೊರಗೆ ಬಂದು, "ಗಿಡ ರಾತ್ರಿ ಮಾತ್ರ ಉಸಿರಾಡ್ತದೆ ಅಂತಲೇ ಮಕ್ಕಳು ಬರೀತಾರೆ, ಎಷ್ಟು ಹೇಳಿದ್ರೂ ಹೋಗುವುದಿಲ್ಲ, ನೀವು ಇದನ್ನು ಹೇಗೆ ಹೇಳ್ತೀರಿ?" ಎಂದು ಕೇಳಲು ಆ ರೂಮಿನಲ್ಲಿ ಯಾರೂ ಇಲ್ಲ. ಹಿಂದಿ ಮೇಡಂ ಪ್ರೀತಿಯಿಂದ ಕೇಳಿಸಿಕೊಳ್ಳುತ್ತಾರೆ. ಉತ್ತರ ಅವರ ಹತ್ತಿರ ಇರುವುದು ಹೇಗೆ?

ಶಿಕ್ಷಕರ ಒಂಟಿತನ ಎಂದಾಗ ಜನ ಬೇರೆ ಏನೇನೋ ಅಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ವಿಷಯದ ಒಂಟಿತನ. ಅದೇ ಪಾಠವನ್ನು, ಅದೇ ವಯಸ್ಸಿನ ಮಕ್ಕಳಿಗೆ, ಅದೇ ವಾರ ಮಾಡುತ್ತಿರುವ ಇನ್ನೊಬ್ಬರು ಹತ್ತಿರದಲ್ಲಿ ಇಲ್ಲದಿರುವುದು. ಆಸ್ಪತ್ರೆಯ ಡಾಕ್ಟರಿಗೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಡಾಕ್ಟರ್ ಇರುತ್ತಾರೆ. ನಮಗೆ ಇರುವುದು ಇನ್ನೊಂದು ಊರಿನಲ್ಲಿ.

ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಹೇಳಿದ ಮಾತೊಂದು ನನಗೆ ಬಹಳ ಸರಿ ಅನ್ನಿಸಿದೆ. ವಿಷಯ ಗೊತ್ತಿರುವುದು ಒಂದು. ತರಗತಿ ನಡೆಸಲು ಗೊತ್ತಿರುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದು ತಿಳಿವಳಿಕೆ ಇದೆ: ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಹಿಡಿಯುತ್ತಾರೆ, ಯಾವ ಚಿತ್ರ ಅವರನ್ನು ದಾರಿ ತಪ್ಪಿಸುತ್ತದೆ ಎನ್ನುವುದು. ಈ ಮೂರನೆಯದು ಬಿ.ಎಡ್. ಪುಸ್ತಕದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಪಾಠ ಮಾಡಿ ಮಾಡಿ ಬರುತ್ತದೆ. ಇಲ್ಲವೇ ಅದೇ ಪಾಠ ಮಾಡಿದವರ ಬಾಯಿಂದ ಬರುತ್ತದೆ. ಒಬ್ಬರೇ ಇದ್ದರೆ ಎರಡನೇ ದಾರಿ ಮುಚ್ಚಿದ ಹಾಗೆ. ಆನ್‌ಲೈನಿನಲ್ಲಿ ಶಿಕ್ಷಕರು ಕಟ್ಟಿಕೊಂಡ ಬಳಗಗಳು ನನಗೆ ಮುಖ್ಯವಾಗಿರುವುದು ಇದಕ್ಕಾಗಿಯೇ.

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 2008ರಲ್ಲೇ ಟೀಚರ್ಸ್ ಆಫ್ ಇಂಡಿಯಾ ಎಂಬ ಜಾಲತಾಣ ಬಂತು, ಕನ್ನಡದಲ್ಲೂ ಇತ್ತು. 2011ರ ಹೊತ್ತಿಗೆ ನಮ್ಮ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಕಂಪ್ಯೂಟರ್ ಮುಟ್ಟಲು ಹೆದರುತ್ತಿದ್ದ ಹಿರಿಯರು ಕೂಡ ಅಲ್ಲಿ ಇಮೇಲ್ ಬರೆಯಲು, ಕನ್ನಡ ಟೈಪ್ ಮಾಡಲು, ಜಿಯೋಜೀಬ್ರ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಕೋನ ಎಳೆಯಲು ಕಲಿತರು. ಅದರ ಬೆನ್ನಿಗೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಬಂತು. ಶಿಕ್ಷಕರೇ ಬರೆದು, ಶಿಕ್ಷಕರೇ ತಿದ್ದುವಂಥದ್ದು. ಆಮೇಲೆ ಎಲ್ಲರ ಕೈಗೆ ಸ್ಮಾರ್ಟ್‌ಫೋನ್ ಬಂತು, 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು, ಜಿಲ್ಲೆಗೊಂದು ತಾಲೂಕಿಗೊಂದು ವಿಷಯಕ್ಕೊಂದು ವಾಟ್ಸಾಪ್ ಗ್ರೂಪ್ ಹುಟ್ಟಿತು. ಟೆಲಿಗ್ರಾಂನಲ್ಲಿ ಸಾವಿರಗಟ್ಟಲೆ ಜನರ ಗುಂಪುಗಳಾದವು. ಈಗ ಗುಂಪು ಇಲ್ಲದ ಶಿಕ್ಷಕರೇ ಇಲ್ಲ.

ಗುಂಪಿನಲ್ಲಿ ಇದ್ದ ಮಾತ್ರಕ್ಕೆ ಕಲಿಕೆ ಆಗುತ್ತದೆಯೇ? ಇಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕಲಿಕೆ ಆದದ್ದನ್ನೇ ಹೇಳುತ್ತೇನೆ.

ಹತ್ತನೇ ತರಗತಿಯಲ್ಲಿ ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು ಎಂಬ ಪಾಠ ಮಳೆಗಾಲದ ಆರಂಭದಲ್ಲೇ ಬರುತ್ತದೆ. ಲಿಟ್ಮಸ್ ಕಾಗದ ಶಾಲೆಯಲ್ಲಿ ಇರುತ್ತದೆ, ಆದರೆ ನಮ್ಮ ಮಳೆಗೆ ಅದು ಬೂಸ್ಟು ಹಿಡಿಯುವುದೂ ಉಂಟು. ಅರಿಶಿನ, ದಾಸವಾಳವನ್ನು ಸೂಚಕವಾಗಿ, ಅಂದರೆ ಆಮ್ಲವೋ ಪ್ರತ್ಯಾಮ್ಲವೋ ಎಂದು ಬಣ್ಣದಿಂದ ತೋರಿಸಲು, ಎಲ್ಲರೂ ಬಳಸುತ್ತಾರೆ. ನಮ್ಮ ಕಡೆ ಮನೆಮನೆಯಲ್ಲಿ ಪುನರ್ಪುಳಿ (ಕೋಕಂ) ಇರುತ್ತದಲ್ಲ, ಏಪ್ರಿಲ್–ಮೇಯಲ್ಲಿ ಹಣ್ಣಾದಾಗ ಸಿಪ್ಪೆ ಒಣಗಿಸಿ ಡಬ್ಬಿಗೆ ತುಂಬಿಟ್ಟದ್ದು. ಅದರ ಕೆಂಪಿಗೆ ಕಾರಣ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು. ದಾಸವಾಳದ್ದೂ ಅದೇ ಗುಂಪಿನ ಬಣ್ಣ. ಹಾಗಾಗಿ ಮಕ್ಕಳಿಗೆ ಒಂದೊಂದು ತುಂಡು ಸಿಪ್ಪೆ ತರಲು ಹೇಳಿದೆ. ನೆನೆಸಿದೆವು. ಚಂದದ ಕೆಂಪು ನೀರು. ಸುಣ್ಣದ ತಿಳಿ ಹಾಕಿದರೆ ಹಸಿರಿಗೆ ತಿರುಗಿತು, ಮಕ್ಕಳಿಗೆ ಖುಷಿಯೋ ಖುಷಿ.

ಅಡುಗೆ ಸೋಡಾ ಹಾಕಿದ ಗುಂಪಿನಲ್ಲಿ ಮಾತ್ರ ಬೇರೆ ಆಯಿತು. ಬುಸುಬುಸು ನೊರೆ ಬಂತು. ಬಣ್ಣ ಬದಲಾಗಲಿಲ್ಲ. ಇನ್ನೊಂದು ಚಿಟಿಕೆ ಹಾಕಿದರು, ಮತ್ತೆ ನೊರೆ, ಬಣ್ಣ ಕೆಂಪೇ. ಸುಮಾರು ಸೋಡಾ ಹೋದ ಮೇಲೆ ನೊರೆ ನಿಂತಿತು. ಆಮೇಲೆ ಒಮ್ಮೆಲೇ ನೇರಳೆ, ಅದರಿಂದ ಮಾಸಿದ ನೀಲಿ. ಹಿಂದಿನ ಬೆಂಚಿನ ಹುಡುಗ ಕೇಳಿದ: "ಟೀಚರ್, ಸುಣ್ಣಕ್ಕೆ ಬೇಗ ಬಣ್ಣ ಬಂತು, ಸೋಡಾಕ್ಕೆ ಯಾಕೆ ಇಷ್ಟು ಲೇಟು?"

ಆ ದಿನ ರಾತ್ರಿ ನಮ್ಮ ರಾಜ್ಯದ ಸಿಬಿಜೆಡ್ ಶಿಕ್ಷಕರ ಬಳಗದಲ್ಲಿ ಇದನ್ನು ಬರೆದೆ. ಲೋಟಗಳ ಫೋಟೊ ಹಾಕಿದೆ. ಹುಡುಗನ ಪ್ರಶ್ನೆಯನ್ನು ಅವನ ಮಾತಿನಲ್ಲೇ ಹಾಕಿದೆ. ಉತ್ತರ ನನಗೆ ಅರ್ಧ ಹೊಳೆದಿತ್ತು, ಆದರೂ ಬೇರೆಯವರು ಏನು ಹೇಳುತ್ತಾರೆ ನೋಡಬೇಕಿತ್ತು. ಹಾವೇರಿ ಕಡೆಯ ಸರ್ ಒಬ್ಬರು ಮೊದಲು ಬರೆದರು: "ಮೇಡಂ, ನಿಮ್ಮ ಸೂಚಕದಲ್ಲೇ ಹುಳಿ ಇದೆ. ಸೋಡಾ ಮೊದಲು ಆ ಹುಳಿಯನ್ನು ತೀರಿಸಬೇಕು. ನೊರೆ ನಿಲ್ಲುವುದೇ ಹುಳಿ ಮುಗಿಯಿತು ಅನ್ನುವ ಗುರುತು. ನಿಮ್ಮ ಮಕ್ಕಳು ಗೊತ್ತಿಲ್ಲದೆ ಟೈಟ್ರೇಶನ್ ಮಾಡಿದ್ದಾರೆ." ಹನಿ ಹನಿ ಹಾಕಿ ಹುಳಿ ಎಷ್ಟಿದೆ ಎಂದು ಅಳೆಯುವುದೇ ಟೈಟ್ರೇಶನ್. ಸರಿಯೇ. ಪುನರ್ಪುಳಿಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಧಾರಾಳ ಇದೆ. ಸುಣ್ಣ ಪ್ರಬಲ, ಸೋಡಾ ದುರ್ಬಲ, ಇದೂ ಸೇರುತ್ತದೆ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ತುಮಕೂರಿನ ಮೇಡಂ ಒಬ್ಬರು, "ಬರೀ ಸೂಚಕ ಬೇಕಿದ್ದರೆ ತುಂಬ ನೀರಿಗೆ ಎರಡೇ ಹನಿ ಹಾಕಿ, ಹುಳಿ ಅಡ್ಡ ಬರುವುದಿಲ್ಲ" ಎಂದರು. ಇನ್ನೊಬ್ಬರು, "ತಟಸ್ಥೀಕರಣ ಪಾಠಕ್ಕೆ ಗಟ್ಟಿ ನೀರನ್ನೇ ಇಟ್ಟುಕೊಳ್ಳಿ. ಸೋಡಾ ಪುಡಿ ಬೇಡ, ಕರಗಿಸಿ ಹನಿ ಎಣಿಸಲಿ" ಎಂದರು. ಮಾರನೆಯ ವಾರ ನಾವು ಹಾಗೇ ಮಾಡಿದೆವು. ಗಟ್ಟಿ ನೀರಿಗೆ ಎಷ್ಟು ಹನಿ, ಅದನ್ನೇ ಅರ್ಧ ತೆಳು ಮಾಡಿದರೆ ಎಷ್ಟು ಹನಿ. ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಹುಳಿ ಅರ್ಧ ಆದರೆ ಸೋಡಾವೂ ಅರ್ಧ. ಸೂತ್ರ ಬರೆಯುವ ಮೊದಲೇ ಮಕ್ಕಳಿಗೆ ಅದು ಕಣ್ಣಿಗೆ ಕಂಡಿತ್ತು. ಬಿಂಪುಳಿ ಎಂಬ ಹುಳಿ ಕಾಯಿಯ ರಸ ತಂದು ನಿಂಬೆ ಹುಳಿಯ ಜೊತೆ ಹೋಲಿಸಬೇಕೆಂದು ಅವರೇ ಹೇಳಿದರು.

ಕಲಬುರಗಿ ಜಿಲ್ಲೆಯ ಟೀಚರ್ ಒಬ್ಬರು ಪುನರ್ಪುಳಿಯನ್ನು ಕಂಡೇ ಇರಲಿಲ್ಲ. "ಒಂದಿಷ್ಟು ಕಳಿಸ್ರಿ ಮೇಡಂ, ನಮ್ಮ ಹುಡುಗರಿಗೂ ತೋರಸ್ತೀನಿ" ಎಂದರು. ಅಂಚೆಯಲ್ಲಿ ಕಳಿಸಿದೆ. ಅವರು ಅದನ್ನು ತಮ್ಮೂರಿನ ಕೆಂಪು ಪುಂಡಿಯ ಜೊತೆ ಇಟ್ಟು ಪ್ರಯೋಗ ಮಾಡಿಸಿದರು. ಪುಂಡಿಯ ಕೆಂಪಿನಲ್ಲೂ ಆಂಥೋಸಯಾನಿನ್ ಇದೆ, ಪುಂಡಿಯೂ ಹುಳಿಯೇ. ಎರಡೂ ಒಂದೇ ರೀತಿ ನಡೆದುಕೊಂಡವು. ಅವರ ಮಕ್ಕಳು ಬರೆದ ಪಟ್ಟಿಯ ಫೋಟೊವನ್ನು ನಮ್ಮ ಮಕ್ಕಳಿಗೆ ತೋರಿಸಿದೆ. ಕಾಣದ ಊರಿನ ಮಕ್ಕಳ ಹನಿಯ ಲೆಕ್ಕವನ್ನು ಇವರು ತಮ್ಮದರ ಪಕ್ಕ ಇಟ್ಟು, "ಅವರ ಸೋಡಾ ನೀರು ನಮ್ಮದಕ್ಕಿಂತ ಗಟ್ಟಿ ಇರಬೇಕು ಟೀಚರ್" ಎಂದು ವಾದ ಮಾಡಿದರು. ವಿಜ್ಞಾನದ ಪಾಠ ಎಂದರೆ ನನಗೆ ಇದೇ.

ಇದರಲ್ಲಿ ನಾನು ಏನು ಕಲಿತೆ? ಪುನರ್ಪುಳಿಯ ರಸಾಯನಶಾಸ್ತ್ರ ಸ್ವಲ್ಪ. ಅದಕ್ಕಿಂತ ಮುಖ್ಯ, ಮಗುವಿನ ಪ್ರಶ್ನೆಯೊಂದನ್ನು ಮುಂದಿನ ವಾರದ ಪಾಠವಾಗಿ ಹೇಗೆ ತಿರುಗಿಸುವುದು ಎನ್ನುವುದು. ಇದು ಯಾವ ತರಬೇತಿಯ ಪಿಪಿಟಿಯಲ್ಲೂ ಬರುವಂಥದ್ದಲ್ಲ. ಯಾಕೆಂದರೆ ಪ್ರಶ್ನೆ ನನ್ನ ತರಗತಿಯದ್ದು. ತರಬೇತಿ ಕೊಡುವವರಿಗೆ ಅದು ಮೊದಲೇ ಗೊತ್ತಿರಲು ಸಾಧ್ಯವಿಲ್ಲ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಒಂದು ವಿಷಯ ತೋರಿಸಿದರು. ಜನರಿಗೆ ಹೊಸ ಕೆಲಸದ ಸುದ್ದಿ ಆಪ್ತ ಗೆಳೆಯರಿಗಿಂತ ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಹೆಚ್ಚಾಗಿ ಬಂದಿತ್ತು. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರು ಬೇರೆ ಲೋಕದಲ್ಲಿ ಓಡಾಡುತ್ತಾರೆ. ನಮ್ಮ ಕ್ಲಸ್ಟರಿನ ಶಿಕ್ಷಕರು ಸೇರಿದಾಗ ಮಾತು ಚೆನ್ನಾಗಿರುತ್ತದೆ, ಆದರೆ ನಾವೆಲ್ಲ ಒಂದೇ ಮಳೆ, ಒಂದೇ ಮಣ್ಣು, ಒಂದೇ ಬಗೆಯ ಮಕ್ಕಳು, ಒಂದೇ ಸುತ್ತೋಲೆ ನೋಡಿದವರು. ಹಾವೇರಿಯ ಸರ್ ನೋಡಿದ್ದು ಬೇರೆ.

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಕಾಸರಗೋಡು. ಉಡುಪಿಯಿಂದ ಕಲಬುರಗಿಗಿಂತ ಎಷ್ಟೋ ಹತ್ತಿರ. ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಶಿಕ್ಷಕರು ನಮ್ಮ ಹಾಗೇ ತುಳು–ಕನ್ನಡ ಮಾತಾಡುವವರು. ಆದರೆ ಪುಸ್ತಕ ಕೇರಳದ್ದು, ಕನ್ನಡದಲ್ಲೇ ಅಚ್ಚಾಗಿ ಬರುತ್ತದೆ. ಒಂದೇ ಪಾಠ ಎರಡು ಕನ್ನಡ ಪುಸ್ತಕಗಳಲ್ಲಿ ಎರಡು ದಾರಿ ಹಿಡಿದಿರುತ್ತದೆ. ಅಲ್ಲಿನ ಗೆಳತಿಯೊಬ್ಬರು ಪಾಠದ ಪುಟ ಕಳಿಸಿದರೆ ನಾನು ನಮ್ಮದರ ಪಕ್ಕ ಇಟ್ಟುಕೊಂಡು ಓದುತ್ತೇನೆ. ಕೇರಳದ ಶಾಲೆಗಳಲ್ಲಿ, ಶಾಲಾ ತಂತ್ರಜ್ಞಾನ ನೋಡಿಕೊಳ್ಳುವ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆಯ ಮೂಲಕ ಸ್ವತಂತ್ರ ತಂತ್ರಾಂಶ ಬಳಸುವುದು ಎಷ್ಟೋ ವರ್ಷಗಳಿಂದ ರೂಢಿಯಾಗಿದೆ. ಮಕ್ಕಳದ್ದೇ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬುಗಳಿವೆ. ಮರಗಳನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂವು, ಕಾಯಿ ಬರೆದಿಡುವ ಸೀಸನ್‌ವಾಚ್ ಎಂಬ ಕಾರ್ಯಕ್ರಮ ಇದೆಯಲ್ಲ, ಅದರಲ್ಲೂ ಕೇರಳದ ಶಾಲಾ ಮಕ್ಕಳು ಬಹಳ. ನಮ್ಮ ಶಾಲೆಯ ಅಂಗಳದ ಹಲಸು ಮತ್ತು ಕಕ್ಕೆ ಮರವನ್ನು ಮಕ್ಕಳು ನೋಡಿ ಬರೆಯಲು ಶುರು ಮಾಡಿದ್ದು ಆ ಗೆಳತಿಯ ಮಾತಿನಿಂದ. ತಲಪಾಡಿ ಗಡಿಯ ಆಚೆ ಹೀಗೊಂದು ನಡೆಯುತ್ತಿದೆ ಎಂದು ನನಗೆ ಇಲಾಖೆಯ ದಾರಿಯಲ್ಲಿ ತಿಳಿಯುತ್ತಿರಲಿಲ್ಲ, ಎರಡು ರಾಜ್ಯಗಳ ಸುತ್ತೋಲೆಗಳು ಪರಸ್ಪರ ಭೇಟಿಯಾಗುವುದಿಲ್ಲ.

ಈಗ ಒಂದು ಸೂಕ್ಷ್ಮದ ಮಾತು. ನಮ್ಮ ಎರಡು ಜಿಲ್ಲೆಗಳಿಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹೆಮ್ಮೆ ದೊಡ್ಡದು. 2024ರಲ್ಲಿ ಉಡುಪಿ ಶೇ. 94 ಪಡೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ನಾವು ಎರಡನೆಯವರು. ಹೆಮ್ಮೆ ಪಡಬೇಕಾದದ್ದೇ. ಆದರೆ ರಾಜ್ಯಮಟ್ಟದ ಗುಂಪುಗಳಲ್ಲಿ ಇದರಿಂದ ಒಂದು ತೊಂದರೆ ಆಗುತ್ತದೆ. ಬೇರೆ ಜಿಲ್ಲೆಯವರು ನಮ್ಮಿಂದ ಪ್ರಶ್ನೆಕೋಠಿ, ಪಾಸಿಂಗ್ ಪ್ಯಾಕೇಜ್ ಕೇಳುತ್ತಾರೆ. ನಾವು ಕೊಡುತ್ತೇವೆ. ಕೊಡುವವರು ನಾವು, ಪಡೆಯುವವರು ಅವರು ಎಂಬ ಭಾವನೆ ಮೆಲ್ಲಗೆ ಬೇರೂರುತ್ತದೆ. ಅದನ್ನು ಬಿಡಲೇಬೇಕು ಎಂದು ನನಗೆ ಖಚಿತವಾದದ್ದು ಒಬ್ಬಳು ಹುಡುಗಿಯಿಂದ.

ಮಣಿಪಾಲದ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಬಂದ ಕುಟುಂಬಗಳು ಎಷ್ಟೋ ಇವೆ. ಅವರ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲಿ ಓದುತ್ತಾರೆ. ಎಷ್ಟೋ ಶಾಲೆ ತೆರೆದಿರುವುದೇ ಈ ಮಕ್ಕಳಿಂದ. ಎಂಟನೇ ತರಗತಿಗೆ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಸೇರಿದಳು. ಕೇಳಿದರೆ ತಲೆ ಆಡಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಅವಳು ಮಾತಾಡಿದರೆ ಉಳಿದವರು ನಗುತ್ತಾರೆ ಎಂಬ ಭಯ ಇತ್ತೋ ಏನೋ. ಬೆಳೆಗಳ ಪಾಠ ಬರುವುದಿತ್ತು. ನಮ್ಮ ಮಕ್ಕಳಿಗೆ ಏಣಿಲು, ಸುಗ್ಗಿ, ಕೊಳಕೆ ಎಂಬ ಭತ್ತದ ಮೂರು ಬೆಳೆಗಳು ಎಂದರೆ ಹಿರಿಯರ ಬಾಯಲ್ಲಿ ಕೇಳಿದ್ದಾದರೂ ಗೊತ್ತು. ಇವಳಿಗೆ ಎಲ್ಲಿಂದ ಶುರು ಮಾಡುವುದು?

ಬಾಗಲಕೋಟೆ ಜಿಲ್ಲೆಯ ಶಿಕ್ಷಕಿಯೊಬ್ಬರಿಗೆ ನೇರವಾಗಿ ಬರೆದೆ. "ಮೇಡಂ, ನಿಮ್ಮ ಕಡೆಯ ಎಂಟನೇ ತರಗತಿಯ ಹುಡುಗಿಗೆ ಹೊಲದ ಬಗ್ಗೆ ಏನೇನು ಗೊತ್ತಿರುತ್ತದೆ?" ಅವರು ಧ್ವನಿ ಸಂದೇಶದಲ್ಲಿ ಉದ್ದಕ್ಕೆ ಹೇಳಿದರು. "ಹಿಂಗಾರಿ ಜೋಳದ ಬಗ್ಗೆ ಕೇಳ್ರಿ. ಕೂರಿಗಿ ಬಗ್ಗೆ ಕೇಳ್ರಿ, ಬಿತ್ತೂ ಮುಂದ ಹೆಣ್ಣಮಕ್ಕಳ ಕೆಲಸ ಏನಿರ್ತದ ಕೇಳ್ರಿ. ಎಳ್ಳಮವಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲೂದು ಕೇಳ್ರಿ. ಆಕಿ ಬಾಯಿ ಬಿಡ್ತಾಳ."

ಮಾರನೆಯ ದಿನ ನಾನು ಪಾಠವನ್ನು ಜೋಳದಿಂದ ಶುರು ಮಾಡಿದೆ. ಹಿಂಗಾರಿ ಜೋಳ ಯಾವಾಗ ಬಿತ್ತುತ್ತಾರೆ ಎಂದು ಇಡೀ ತರಗತಿಗೆ ಕೇಳಿದೆ. ಯಾರಿಗೂ ಗೊತ್ತಿಲ್ಲ. ಅವಳು ಮೆಲ್ಲಗೆ, "ಮಳಿ ಹೋಗೂ ಮುಂದ್ರಿ" ಎಂದಳು. ಮಳೆ ಹೋದ ಮೇಲೆ ನೀರು ಎಲ್ಲಿಂದ ಬಿಡುತ್ತಾರೆ ಎಂದು ನಮ್ಮ ಊರಿನ ಹುಡುಗನೊಬ್ಬ ಕೇಳಿದ. "ನೀರು ಬಿಡಂಗಿಲ್ಲ. ಭೂಮ್ಯಾಗ ಹಸಿ ಇರ್ತೈತಿ." ಅವನಿಗೆ ನಂಬಿಕೆ ಬರಲಿಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಎರಡು ದಿನ ಬಿಸಿಲು ಬಂದರೆ ತೇವ ಇರುವುದಿಲ್ಲ. ಆಗ ಅವಳು ಎದ್ದು ಬಂದು ಬೋರ್ಡಿನ ಮೇಲೆ ಬೇಸಿಗೆಯಲ್ಲಿ ಎರೆಮಣ್ಣು ಬಿರಿಯುವುದನ್ನು ಬರೆದು ತೋರಿಸಿದಳು. ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈವರೆಗೆ ಹೋಗುತ್ತದೆ ಎಂದು ತನ್ನ ಕೈಯನ್ನೇ ಅಳತೆ ಮಾಡಿ ತೋರಿಸಿದಳು. ಪಕ್ಕದಲ್ಲಿ ಕೂರಿಗೆಯ ಚಿತ್ರ, ಕಾಳು ಬೀಳುವ ಕೊಳವೆ ಸಮೇತ. ಜೇಡಿ ಜಾಸ್ತಿ ಇರುವ ಎರೆಮಣ್ಣು ನೀರು ಹಿಡಿದಿಡುತ್ತದೆ, ನಮ್ಮ ಕೆಂಪು ಮುರ ಮಣ್ಣು ಸೋರಿಸಿಬಿಡುತ್ತದೆ ಎಂಬ ಪಾಠವನ್ನು ಆ ದಿನ ಅವಳೇ ಮಾಡಿದ ಹಾಗಾಯಿತು. ಆಮೇಲೆ ನಗುವವರು ಇರಲಿಲ್ಲ. ಅವಳ ಪಕ್ಕ ಕೂರಲು ಇಬ್ಬರು ಜಗಳ ಮಾಡಿಕೊಂಡರು.

ಆ ಶಿಕ್ಷಕಿಯ ಶಾಲೆಯ ಫಲಿತಾಂಶ ಎಷ್ಟು ಎಂದು ನಾನು ಕೇಳಿಲ್ಲ. ಕೇಳಬೇಕಾದದ್ದೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಯಾರೂ ಹೇಳಲಾಗದ ಒಂದು ವಿಷಯ ಅವರಿಗೆ ಗೊತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಹುಡುಗಿಯ ಮನೆಯವರು ಊರಿಗೆ ಹೊರಟಾಗ ಮತ್ತೆ ಅವರಿಗೇ ಬರೆದೆ. ಅವರು ಆ ಊರಿನ ಶಾಲೆಯ ಮುಖ್ಯ ಶಿಕ್ಷಕರ ನಂಬರ್ ಹುಡುಕಿ ಕೊಟ್ಟರು. ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆಯ ಸಂಖ್ಯೆ, ದಾಖಲಾತಿ ವರ್ಗಾವಣೆ ಎಲ್ಲ ಕಚೇರಿಯ ದಾರಿಯಲ್ಲಿ ಆಗುತ್ತದೆ, ಆಗಲಿ. ಆದರೆ ಈ ಮಗು ಇಂಥ ಪಾಠದವರೆಗೆ ಬಂದಿದ್ದಾಳೆ, ಚಿತ್ರ ಬರೆಯಲು ಬಿಟ್ಟರೆ ಮಾತಾಡುತ್ತಾಳೆ, ಭಾಗಾಕಾರದಲ್ಲಿ ಕೈ ಹಿಡಿಯಬೇಕು ಎನ್ನುವುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಅದನ್ನು ಫೋನಿನಲ್ಲಿ ಹೇಳಲು ಸಾಧ್ಯವಾಯಿತು. ಈ ಮಾತುಗಳನ್ನೆಲ್ಲ ಗುಂಪಿನಲ್ಲಿ ಬರೆಯಲಿಲ್ಲ. ಒಬ್ಬರಿಂದ ಒಬ್ಬರಿಗೆ ಮಾತ್ರ.

ಮಕ್ಕಳ ವಿಷಯ ಬಂದಾಗ ಈ ಎಚ್ಚರ ಬೇಕೇ ಬೇಕು. ಪ್ರತಿಭಾ ಕಾರಂಜಿಯ ಫೋಟೊ, ಬಿಸಿಯೂಟದ ಫೋಟೊ, ಓದು ಬಾರದ ಮಗುವಿನ ವಿಡಿಯೊ ಕೂಡ ಗುಂಪುಗಳಲ್ಲಿ ಹರಿದಾಡುತ್ತದೆ. ಕೊನೆಯದು ನನಗೆ ಬಹಳ ಬೇಸರ ತರುವ ಸಂಗತಿ. ಆ ಮಗು ದೊಡ್ಡವನಾದ ಮೇಲೂ ಅದು ಯಾರದೋ ಫೋನಿನಲ್ಲಿ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ನಮ್ಮ ಬಳಗದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ: ಕೈ ಕಾಣಲಿ, ಕೆಲಸ ಕಾಣಲಿ, ಮುಖ ಮತ್ತು ಹೆಸರು ಬೇಡ.

ಗುಂಪಿನಲ್ಲಿ ಇದ್ದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಎಂದೆ. ಯಾಕೆ ಎಂದು ಹೇಳುತ್ತೇನೆ. ದೊಡ್ಡ ಗುಂಪುಗಳಲ್ಲಿ ದಿನಕ್ಕೆ ಬರುವ ಪಿಡಿಎಫ್‌ಗಳನ್ನು ನೋಡಿ. ಪಾಠಯೋಜನೆ, ಕ್ರಿಯಾಯೋಜನೆ, ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ, ನೀಲನಕ್ಷೆ ಎಲ್ಲ ರೆಡಿ. ಅವಸರಕ್ಕೆ ಉಪಕಾರ ಆಗುತ್ತದೆ, ಇಲ್ಲ ಎನ್ನುವುದಿಲ್ಲ. ಬರವಣಿಗೆ ಕೆಲಸ ಕಡಿಮೆ ಆದರೆ ಮಕ್ಕಳಿಗೆ ಸಮಯ ಸಿಗುತ್ತದೆ. ಆದರೆ ಇನ್ನೊಬ್ಬರ ಪಾಠಯೋಜನೆಯನ್ನು ಇಳಿಸಿಕೊಂಡು ಹೆಸರು ಬದಲಿಸಿ ಸಹಿ ಹಾಕಿಸಿದರೆ ನನ್ನ ಪಾಠದಲ್ಲಿ ಏನೂ ಬದಲಾಗುವುದಿಲ್ಲ. ಅದನ್ನು ಮಾಡಿದವರು ಯಾಕೆ ಹಾಗೆ ಮಾಡಿದರು ಎಂದು ಕೇಳಿದಾಗ ಬದಲಾಗುತ್ತದೆ. ಆ ಪ್ರಶ್ನೆಯೇ ಗುಂಪಿನಲ್ಲಿ ಬರುವುದಿಲ್ಲ. ಬಂದರೂ ನೂರಾರು ಶುಭೋದಯಗಳ ನಡುವೆ ಮುಳುಗುತ್ತದೆ.

ಮಾಡಿದವರ ಹೆಸರೂ ಮುಳುಗುತ್ತದೆ. ಸುಳ್ಯ ಕಡೆಯ ಶಿಕ್ಷಕರೊಬ್ಬರು ರಾತ್ರಿ ಕೂತು ಮಾಡಿದ ಜೀವಕೋಶದ ಚಿತ್ರಗಳ ಹಾಳೆ ಕೆಲವು ತಿಂಗಳ ನಂತರ ಯಾವುದೋ ಕೋಚಿಂಗ್ ಸೆಂಟರಿನ ಮುದ್ರೆ ಹೊತ್ತು ನಮ್ಮ ಗುಂಪಿಗೇ ವಾಪಸ್ ಬಂತು. ಅವರು ಏನೂ ಹೇಳಲಿಲ್ಲ. ಆಮೇಲೆ ಅವರು ಹಾಳೆಗಳನ್ನು ಹಾಕುವುದೇ ಕಡಿಮೆ ಮಾಡಿದರು. ನಷ್ಟ ಎಲ್ಲರದ್ದೂ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದು ಇಂಥದ್ದಕ್ಕೇ. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಆದರೆ ಮಾಡಿದವರ ಹೆಸರು ಉಳಿಸಲಿ. ಹಾಳೆಯ ಕೆಳಗೆ ಒಂದು ಸಾಲು ಬರೆದರೆ ಸಾಕು. ಮುಂದಕ್ಕೆ ಕಳಿಸುವವರು ಅದನ್ನು ಕತ್ತರಿಸದಿದ್ದರೆ ಸಾಕು.

ಇನ್ನು ಗಂಟೆಗಳ ಲೆಕ್ಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಗೆ ಕೊಡಬೇಕು ಎನ್ನುತ್ತದೆ. 2019ರಲ್ಲಿ ಕೇಂದ್ರ ಸರ್ಕಾರದ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಶುರುವಾಯಿತು, ಮರುವರ್ಷ ಕೊರೊನಾದಿಂದಾಗಿ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಗೆ ಬಂತು. ಹಳ್ಳಿಯಲ್ಲಿ ಕೂತು, ಮಗುವನ್ನು ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಓಡದೆ ಕೋರ್ಸ್ ಮಾಡಲು ಸಾಧ್ಯವಾದದ್ದು ಸಣ್ಣ ಮಾತಲ್ಲ. ಆದರೆ ಕೋರ್ಸಿನ ಗಂಟೆ ಎಣಿಕೆಗೆ ಸಿಗುತ್ತದೆ, ಪ್ರಮಾಣಪತ್ರ ಬರುತ್ತದೆ. ಪುನರ್ಪುಳಿಯ ಬಗ್ಗೆ ನಡೆದ ಆ ಮಾತುಕತೆಗೆ ಪ್ರಮಾಣಪತ್ರ ಇಲ್ಲ. ಎಣಿಸಲು ಆಗುವುದನ್ನಷ್ಟೇ ಬೆಳವಣಿಗೆ ಎಂದು ಕರೆದರೆ ಶಿಕ್ಷಕರು ಆ ಕಡೆಗೇ ಹೋಗುತ್ತಾರೆ, ಅದು ಅವರ ತಪ್ಪೂ ಅಲ್ಲ.

ಇಲ್ಲಿ ಮಾತಾಡದವರ ಬಗ್ಗೆಯೂ ಹೇಳಬೇಕು. ಪ್ರತಿ ಗುಂಪಿನಲ್ಲೂ ಬರೆಯುವವರು ಕೆಲವರು, ಓದಿ ಸುಮ್ನೆ ಇರುವವರು ಬಹಳ. ಅವರನ್ನು ಕೆಲವು ಅಡ್ಮಿನ್‌ಗಳು ಗದರುವುದನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಎಂಬ ಸಂಶೋಧಕರು 1991ರಲ್ಲಿ ದರ್ಜಿಗಳು, ಸೂಲಗಿತ್ತಿಯರು ಮೊದಲಾದವರು ಕೆಲಸ ಕಲಿಯುವ ರೀತಿಯನ್ನು ನೋಡಿ, ಹೊಸಬರು ಅಂಚಿನಲ್ಲಿ ನಿಂತು ನೋಡುವುದೂ ಕಲಿಕೆಯೇ, ಅಲ್ಲಿಂದ ಮೆಲ್ಲಗೆ ಒಳಗೆ ಬರುತ್ತಾರೆ ಎಂದರು. ನಮ್ಮ ಯಕ್ಷಗಾನ ಮೇಳಗಳಲ್ಲಿ ಇದು ಹಿಂದಿನಿಂದಲೂ ಇತ್ತಲ್ಲ. ಹುಡುಗ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತು ಹಿರಿಯರು ಬಣ್ಣ ಹಚ್ಚುವುದನ್ನು ನೋಡುತ್ತಾನೆ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಅರ್ಥ (ಮಾತು) ಹೇಳುವ ವೇಷ ಸಿಗಲು ವರ್ಷಗಳು ಬೇಕು. ನೋಡುತ್ತಿರುವವನನ್ನು ಯಾರೂ ಚೌಕಿಯಿಂದ ಎಬ್ಬಿಸುವುದಿಲ್ಲ. ಗುಂಪಿನ ಹೊಸ ಟೀಚರ್ ಕೂಡ ಹಾಗೆಯೇ. ಅವರಿಗೆ ಸಣ್ಣ ಪಾತ್ರ ಕೊಡಬೇಕು. "ನಿಮ್ಮ ತರಗತಿಯಲ್ಲಿ ಇದನ್ನು ಮಾಡಿ ನೋಡಿ, ಏನಾಯ್ತು ಒಂದು ಸಾಲು ಬರೀರಿ" ಎಂದರೆ ಬರೆಯುತ್ತಾರೆ. ದೊಡ್ಡ ಲೇಖನ ಕೇಳಿದರೆ ಹೆದರುತ್ತಾರೆ.

ಸಣ್ಣ ಬಳಗವೇ ಒಳ್ಳೆಯದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ದೊಡ್ಡ ಗುಂಪು ಜನರನ್ನು ಹುಡುಕಿಕೊಳ್ಳಲು ಸರಿ. ಅಲ್ಲಿ ಯಾರು ತರಗತಿಯ ಮಾತಾಡುತ್ತಾರೆ ಎಂದು ನೋಡಿ, ಅಂಥ ಹತ್ತು–ಹನ್ನೆರಡು ಮಂದಿ ಬೇರೆಯಾಗಿ ಸೇರಬೇಕು. ಹಾವೇರಿಯ ಸರ್, ಕಲಬುರಗಿಯ ಟೀಚರ್, ಕಾಸರಗೋಡಿನ ಗೆಳತಿ ನನಗೆ ಸಿಕ್ಕಿದ್ದು ಹೀಗೆ. ಅಷ್ಟು ಜನ ಇದ್ದರೆ ಒಬ್ಬರ ಶಾಲೆಯ ಪರಿಸ್ಥಿತಿ ಇನ್ನೊಬ್ಬರಿಗೆ ಗೊತ್ತಿರುತ್ತದೆ. "ನಿಮ್ಮಲ್ಲಿ ಮೈಕ್ರೋಸ್ಕೋಪ್ ಒಂದೇ ಅಲ್ವಾ, ಫೋನನ್ನು ಐಪೀಸಿಗೆ ಹಿಡಿದು ತೋರಿಸಿ" ಎನ್ನಲು ಆಗುತ್ತದೆ. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ರಿಯೋ ಎಲೆಯ ಪ್ರಯೋಗ ಇದೆ. ಆ ಗಿಡ ಎಲ್ಲಿ ಸಿಗುತ್ತದೆ ಎಂದು ಹೊಸ ಶಿಕ್ಷಕಿಯೊಬ್ಬರು ಕೇಳಿದಾಗ ಒಬ್ಬರು ತಮ್ಮ ಮನೆಯ ಜಗಲಿಯ ಕುಂಡದ ಫೋಟೊ ಹಾಕಿದರು. ಮೇಲೆ ಹಸಿರು, ಕೆಳಗೆ ನೇರಳೆ ಎಲೆ. ಅದು ಎಷ್ಟೋ ಮನೆಗಳ ಅಂಗಳದಲ್ಲಿ ಚಂದಕ್ಕೆಂದು ನೆಟ್ಟದ್ದೇ. ಕೆಳಗಿನ ನೇರಳೆ ಸಿಪ್ಪೆ ಎಳೆದು ಉಪ್ಪುನೀರು ಹಾಕಿದರೆ ಬಣ್ಣ ಕುಗ್ಗಿ ನಡುವಿಗೆ ಸರಿಯುವುದು ಮೈಕ್ರೋಸ್ಕೋಪಿನಡಿ ಎದ್ದು ಕಾಣುತ್ತದೆ, ಬೇರೆ ಬಣ್ಣ ಹಾಕುವುದೇ ಬೇಡ. ಪುಸ್ತಕದಲ್ಲಿ ಹೆಸರಾಗಿ ಮಾತ್ರ ಇದ್ದ ಗಿಡ ಅವರ ಮನೆ ಎದುರಲ್ಲೇ ಇತ್ತು.

ಸಮಯದ ಕಷ್ಟ ನಿಜ. ನಮ್ಮಲ್ಲಿ ಹೆಚ್ಚಿನವರು ಹೆಂಗಸರು. ಶಾಲೆ, ಬಸ್ಸು, ಅಡುಗೆ, ಮನೆಯ ಹಿರಿಯರು, ಸ್ವಂತ ಮಕ್ಕಳ ಪಾಠ ಎಲ್ಲ ಮುಗಿದು ಫೋನು ಹಿಡಿಯುವಾಗ ಒಂಬತ್ತೂವರೆ. ಗಂಡಸರು ಆಗಲೇ ಚರ್ಚೆ ಮುಗಿಸಿರುತ್ತಾರೆ. ಅದಕ್ಕೇ ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ಹಾಕಿದರೆ ಇಡೀ ವಾರ ಅದೇ ಪ್ರಶ್ನೆ. ಭಾನುವಾರ ಯಾರಾದರೊಬ್ಬರು ಎಲ್ಲ ಉತ್ತರ ಸೇರಿಸಿ ಒಂದು ಪುಟ ಬರೆಯುತ್ತಾರೆ. ಘಟ್ಟದ ಬುಡದ ಶಾಲೆಗಳ ಟೀಚರಿಗೂ ಇದು ಅನುಕೂಲ, ಮಳೆಗಾಲದಲ್ಲಿ ಕರೆಂಟೂ ಇಲ್ಲ ಸಿಗ್ನಲ್ಲೂ ಇಲ್ಲ ಎಂದು ಮೂರು ದಿನ ಹೋದರೂ ಅವರಿಗೆ ಮಾತು ತಪ್ಪುವುದಿಲ್ಲ.

ಇದೆಲ್ಲ ಫೋನಿನಲ್ಲೇ ಉಳಿಯಬಾರದು ಎಂಬುದೂ ನನ್ನ ಆಸೆ. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿ ಹುಟ್ಟಿದ್ದು ಹೇಗೆ ಎಂದು ನೆನಪಿಸಿಕೊಳ್ಳಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಕೂತು, ತಾವೇ ಕಲಿಕೆಯ ಕಾರ್ಡುಗಳನ್ನು ಮಾಡಿದರು. ಅಲ್ಲಿಂದ ಅದು ಇಡೀ ರಾಜ್ಯಕ್ಕೆ ಹೋಯಿತು. ಆಗ ನಮ್ಮ ಶಾಲೆಗಳಿಗೆ ಇಂಟರ್ನೆಟ್ ಬಂದಿರಲಿಲ್ಲ. ಒಬ್ಬ ಶಿಕ್ಷಕ ಇನ್ನೊಬ್ಬ ಶಿಕ್ಷಕನ ತರಗತಿ ನೋಡುವ ಅವಕಾಶ ಇತ್ತು, ಬಂದು ಮಾಡಿ ನೋಡುವ ಬಿಡುವು ಇತ್ತು. ನಮಗೆ ಈಗ ನೋಡುವ ಅವಕಾಶ ಬೆರಳ ತುದಿಯಲ್ಲಿದೆ. ಮಾಡಿ ನೋಡುವ ಬಿಡುವನ್ನು ಇಲಾಖೆ ಕೊಡಬೇಕು. ಸಮಾಲೋಚನಾ ಸಭೆಗಳಲ್ಲಿ ಮಾಹಿತಿ ತುಂಬುವ ಕೆಲಸ, ಅಂಕಿ ಅಂಶ ಒಪ್ಪಿಸುವ ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಅದರಲ್ಲಿ ಒಂದೇ ಒಂದು ಗಂಟೆಯನ್ನು ಮಕ್ಕಳ ಉತ್ತರಗಳ ಬಗ್ಗೆ ಮಾತಾಡಲು ಮೀಸಲಿಟ್ಟರೆ ಬಹಳ ಆಗುತ್ತದೆ.

ನಮ್ಮ ಸುತ್ತಿನ ಕೆಲವು ಶಾಲೆಗಳ ವಿಜ್ಞಾನ ಶಿಕ್ಷಕರು ಈ ವರ್ಷ ಅದನ್ನು ಶುರು ಮಾಡುತ್ತಿದ್ದೇವೆ. ಮೊದಲ ಘಟಕ ಪರೀಕ್ಷೆಯಲ್ಲಿ ಎಲ್ಲರೂ ಒಂದು ಪ್ರಶ್ನೆ ಸಮಾನವಾಗಿ ಕೇಳುತ್ತೇವೆ: ರಾತ್ರಿ ಮತ್ತು ಹಗಲು ಗಿಡದ ಎಲೆಯಲ್ಲಿ ಏನೇನು ನಡೆಯುತ್ತದೆ, ಚಿತ್ರ ಬರೆದು ತೋರಿಸಿ. ಪ್ರತಿಯೊಬ್ಬರೂ ಮೂರು ಉತ್ತರದ ಹಾಳೆ ತರಬೇಕು, ಸರಿ ಬರೆದದ್ದು ಒಂದು, ತಪ್ಪಿದ್ದು ಎರಡು, ಹೆಸರು ಮುಚ್ಚಿ. ಕಾಸರಗೋಡಿನ ಗೆಳತಿ ತಮ್ಮ ಮಕ್ಕಳಿಗೂ ಇದನ್ನೇ ಕೇಳುತ್ತೇನೆ ಎಂದಿದ್ದಾರೆ, ಕಲಬುರಗಿಯ ಟೀಚರೂ ಒಪ್ಪಿದ್ದಾರೆ. ಹಾವೇರಿಯ ಸರ್ ಮಾತ್ರ ಪ್ರಶ್ನೆಯಲ್ಲಿ ಮೊದಲು ರಾತ್ರಿ ಎಂದು ಬರೆಯಬೇಡಿ, ಮಕ್ಕಳ ಉತ್ತರ ಆ ಕಡೆ ವಾಲುತ್ತದೆ ಎನ್ನುತ್ತಿದ್ದಾರೆ. ಆ ಚರ್ಚೆ ಈ ವಾರ ನಡೆಯುತ್ತಿದೆ.